ನೋರಾ ಬೇಗ ಹುಷಾರಾದ ಜನವರಿ

ಕಳೆದ ತಿಂಗಳು ನನ್ನ ಗಂಡ ಹರೀಶನಿಗೆ ವಾಂತಿಭೇದಿ ಹಿಡಿದು, ಇಲ್ಲಿ ಐರ್ಲೆಂಡಿನ ನೇಸ್ ಊರಿನ ಆಸ್ಪತ್ರೆಯಲ್ಲಿ ಅರ್ಧ ದಿನ ಮಲಗಿಸಿ ಡ್ರಿಪ್ ಹಾಕಿದ್ದರು. ನಾಲಿಗೆ ಒಣಗಿ ಮಾತೇ ಹೊರಡದಿದ್ದವನು ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಮೇಲೆ ತೂಗುತ್ತಿದ್ದ ಚೀಲ ನೋಡಿದ. "ಗ್ಲೂಕೋಸ್ ಏರ್ತಾ ಇದೆಯಲ್ಲ, ಇನ್ನೇನು ಭಯ ಇಲ್ಲ ಬಿಡು. ಸಂಜೆಗೆ ಗ್ರ್ಯಾಂಡ್ ಆಗ್ತೀನಿ" ಅಂದ, ಹುಷಾರು ಎನ್ನುವುದಕ್ಕೆ ಇಲ್ಲಿಯವರು ಹೇಳುವ ಹಾಗೆ. ನಾನು ಎದ್ದು ಹೋಗಿ ಚೀಲದ ಮೇಲೆ ಅಚ್ಚಾಗಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಗ್ಲೂಕೋಸ್ ಅಲ್ಲ, ಸಾದಾ ಉಪ್ಪುನೀರು. ಹನಿ ಬೀಳುವ ವೇಗ ನೋಡಿದೆ. ನರ್ಸ್ ನಕ್ಕು, "ನೀವೂ ನರ್ಸಾ?" ಎಂದು ಕೇಳಿದಳು. ಅಲ್ಲ ಎಂದೆ. ಆದರೆ ಸುಮ್ಮನೆ ಕೂತು ಅದನ್ನು ನೋಡುವುದು ನನ್ನಿಂದ ಆಗುವುದಿಲ್ಲ. ಮದುವೆಗೆ ಮುಂಚೆ ಡಬ್ಲಿನ್ ಪಕ್ಕದ ಬಂದರು ಡನ್ ಲಿಯರಿಯಲ್ಲಿ ಕಳೆದ ಒಂದು ಚಳಿಗಾಲ ನನ್ನನ್ನು ಹಾಗೆ ಮಾಡಿಬಿಟ್ಟಿದೆ.

ಆಗ ನನ್ನ ಎಂ.ಎಸ್ಸಿ. ಮುಗಿದು ಡಬ್ಲಿನ್‌ನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಮನೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ನೋರಾ ಅವರ ಮನೆಯ ಮಹಡಿಯ ಮೇಲಿನ ಒಂದು ಕೋಣೆ. ನೋರಾ ಎಪ್ಪತ್ತು ದಾಟಿದವರು, ಮದುವೆಯಾಗಿರಲಿಲ್ಲ, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿದ್ದರು. ಎತ್ತರದ ಆಳು, ಗಿಡ್ಡ ಬಿಳಿಕೂದಲು, ಎಂಥ ಗಾಳಿಯಲ್ಲೂ ಬಗ್ಗದ ನಡಿಗೆ. ಮೊದಲ ದಿನ ನಾನು ಅವರನ್ನು ಮೇಡಂ ಎಂದು ಕರೆದೆ. "ನಾನು ಪಾಠ ಮಾಡೋದು ಬಿಟ್ಟು ಎಷ್ಟೋ ವರ್ಷ ಆಯ್ತು. ನೋರಾ ಅನ್ನು ಸಾಕು" ಎಂದರು. ಅಜ್ಜಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಹೊರಳದೆ, ಹಲವು ವಾರ ನಾನು ಅವರನ್ನು ಏನೂ ಕರೆಯದೆ ಎದುರಿಗೇ ಹೋಗಿ ನಿಂತು ಮಾತಾಡುತ್ತಿದ್ದೆ.

ಆ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಬಿರುಗಾಳಿಗಳು ಒಂದರ ಬೆನ್ನಿಗೆ ಒಂದು ಬಂದವು. ಬೆಳಗ್ಗೆ ಟ್ರೇನಿಗೆ ಹೊರಟಾಗಲೂ ಕತ್ತಲೆ, ಮರಳಿದಾಗಲೂ ಕತ್ತಲೆ. ಬಂದರಿನ ಉದ್ದನೆಯ ಕಲ್ಲುಕಟ್ಟೆಯ ಮೇಲೆ ಅಲೆಗಳು ಹಾರಿ ಬಿದ್ದು, ಕಿಟಕಿಯ ಗಾಜಿನ ಮೇಲೆ ತೆಳುವಾದ ಉಪ್ಪಿನ ಪೊರೆ ಕೂತಿರುತ್ತಿತ್ತು. ಅಷ್ಟಾದರೂ ನೋರಾ ದಿನವೂ ಆ ಕಟ್ಟೆಯ ಕೊನೆಯವರೆಗೆ ನಡೆದು ಬರುತ್ತಿದ್ದರು. ಬಂದವರೇ ಕೆಟಲ್ ಹಚ್ಚುತ್ತಿದ್ದರು. ಅವರು ಬದುಕಿದ್ದದ್ದು ಟೀ ಮತ್ತು ಟೋಸ್ಟಿನ ಮೇಲೆ. ಒಬ್ಬರಿಗಾಗಿ ಒಲೆ ಹಚ್ಚುವುದು ದಂಡ ಎನ್ನುತ್ತಿದ್ದರು. ನನ್ನ ಸಾರು ಕೊಟ್ಟರೆ ಎರಡು ಚಮಚ ರುಚಿ ನೋಡಿ ಚೆನ್ನಾಗಿದೆ ಎಂದು ಬಟ್ಟಲು ಸರಿಸುತ್ತಿದ್ದರು. ರಕ್ತದೊತ್ತಡ ಹೆಚ್ಚಾಗಿದೆ ಎಂದು ಶರತ್ಕಾಲದಲ್ಲಿ ವೈದ್ಯರು ಹೊಸ ಮಾತ್ರೆ ಕೊಟ್ಟಿದ್ದರು, ಮೂತ್ರ ಹೆಚ್ಚು ಹೋಗುವಂಥದ್ದು. ಅಂದಿನಿಂದ ಮೇಜಿನ ಮೇಲಿನ ಉಪ್ಪಿನ ಕುಡಿಕೆಯೂ ಮಾಯವಾಗಿತ್ತು.

ಜನವರಿ ನಡುವಿನಲ್ಲಿ ಅವರಿಗೆ ಹೊಟ್ಟೆ ಕೆಟ್ಟಿತು. ಆ ವಾರ ಊರಿಗೆಲ್ಲ ಅದೇ ಕಾಯಿಲೆ. ನೀರು ಚೆನ್ನಾಗಿ ಕುಡಿಯಬೇಕೆಂದು ಎಲ್ಲರೂ ಹೇಳುತ್ತಿದ್ದರು. ನೋರಾ ಶಿಸ್ತಿನ ಹೆಂಗಸು. ದೊಡ್ಡ ಜಗ್ ತುಂಬಿಟ್ಟುಕೊಂಡು, ಬೇಕಿರಲಿ ಬೇಡದಿರಲಿ, ಲೋಟಗಟ್ಟಲೆ ಕುಡಿದರು. ನಾನೂ, "ಕುಡೀರಿ, ಒಳ್ಳೇದು" ಎಂದೇ ಹೇಳಿದೆ. ಯಾರು ಬೇರೆ ಹೇಳುತ್ತಿದ್ದರು?

ಒಂದು ಶನಿವಾರ ಬೆಳಗ್ಗೆ ಕೆಳಗೆ ನಲ್ಲಿ ಬಹಳ ಹೊತ್ತಿನಿಂದ ಹರಿಯುತ್ತಿರುವ ಸದ್ದು ಕೇಳಿ ಇಳಿದು ಬಂದೆ. ನೋರಾ ಸಿಂಕಿನ ಮುಂದೆ ನಿಂತಿದ್ದರು. ಮನೆಯಲ್ಲಿದ್ದ ಟೀ ಕಪ್ಪುಗಳನ್ನೆಲ್ಲ ತೆಗೆದು, ಒಂದೊಂದಕ್ಕೂ ತಣ್ಣೀರು ತುಂಬಿ, ಮೇಜಿನ ಅಂಚಿನುದ್ದಕ್ಕೂ ಸಾಲಾಗಿ ಜೋಡಿಸಿದ್ದರು. ಪಿಂಗಾಣಿಯ ಒಳ್ಳೆಯ ಸೆಟ್ಟು ಕೂಡ ಹೊರಗೆ ಬಂದಿತ್ತು.

"ಯಾರಾದ್ರೂ ಬರ್ತಿದಾರಾ, ನೋರಾ?" ಎಂದು ಕೇಳಿದೆ.

ಅವರು ತಿರುಗಿ ನನ್ನನ್ನು ನೋಡಿದರು. ಬಹಳ ಪ್ರೀತಿಯಿಂದ ನೋಡಿದರು, ಆದರೆ ನನ್ನನ್ನಲ್ಲ. ಆಮೇಲೆ ನಾನು ಎಂದೂ ಕೇಳದ ಭಾಷೆಯಲ್ಲಿ ಏನೋ ಹೇಳತೊಡಗಿದರು. ಮೊದಲು ಮಾತು ತೊದಲುತ್ತಿದೆ, ಲಕ್ವ ಹೊಡೆದಿರಬೇಕು ಎಂದುಕೊಂಡೆ. ಆದರೆ ತೊದಲಿರಲಿಲ್ಲ. ಮಾತು ಸರಾಗವಾಗಿತ್ತು, ಏರಿಳಿತ ಇತ್ತು, ನಡುವೆ ಒಂದು ಸಣ್ಣ ನಗುವೂ ಇತ್ತು. ಅವರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲೇ ಕೂತೆ. ಅವರು ಆ ಭಾಷೆಯಲ್ಲಿ ಹೇಳುತ್ತಲೇ ಇದ್ದರು. ಗಾಬರಿಯಲ್ಲಿ ನನ್ನ ಬಾಯಿಂದಲೂ ಇಂಗ್ಲಿಷ್ ಹಾರಿಹೋಗಿ, "ಆಯ್ತು, ಆಯ್ತು, ಏನೂ ಆಗಲ್ಲ ಸುಮ್ನಿರಿ" ಎಂದು ಕನ್ನಡದಲ್ಲೇ ಹೇಳುತ್ತಿದ್ದೆ. ಅವರು ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು. ಪದೇ ಪದೇ ಬರುತ್ತಿದ್ದ ಒಂದು ಪದ ಮಾತ್ರ ನನ್ನ ಕಿವಿಯಲ್ಲಿ ನಿಂತಿತು. ಇಷ್ಕ. ಇಷ್ಕ.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ತೆಗೆದುಕೊಂಡ ಕೆಲವೇ ಹೊತ್ತಿಗೆ ಫಿಟ್ಸ್ ಬಂತು. ಪರದೆ ಎಳೆದರು. ನನ್ನನ್ನು ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ನಿಂತು ಮೊದಲು ದಕ್ಷಿಣದ ಕಾರ್ಕ್ ಊರಿನಲ್ಲಿದ್ದ ಅವರ ತಮ್ಮನ ಮಗಳಿಗೆ ಸುದ್ದಿ ತಿಳಿಸಿದೆ. ಬಿರುಗಾಳಿಗೆ ಮರ ಬಿದ್ದು ರಸ್ತೆಗಳು ಮುಚ್ಚಿದ್ದವು, ಅವಳು ತಕ್ಷಣ ಬರುವ ಹಾಗಿರಲಿಲ್ಲ. ಅಲ್ಲಿಯವರೆಗೆ ಏನಿದ್ದರೂ ರೂಪಾಗೆ, ಅಂದರೆ ನನಗೆ, ಹೇಳಿ ಎಂದು ಆಸ್ಪತ್ರೆಯವರಿಗೂ ಫೋನಿನಲ್ಲಿ ತಿಳಿಸಿದಳು. ಆಮೇಲೆ ಮೈಸೂರಿಗೆ, ಅಮ್ಮನಿಗೆ ಫೋನ್ ಮಾಡಿದೆ. ಅಳು ಬರುತ್ತಿತ್ತು.

"ವಾಂತಿ ಆಗಿ ನಿತ್ರಾಣ ಆಗಿರ್ತಾರೆ ಕಣೇ. ಎರಡು ಬಾಟ್ಲಿ ಗ್ಲೂಕೋಸ್ ಹಾಕ್ಸು, ಎದ್ದು ಕೂತ್ಕೋತಾರೆ. ಡಾಕ್ಟರಿಗೆ ಹೇಳು ನೀನು" ಎಂದರು ಅಮ್ಮ.

"ಅಮ್ಮ, ಇಲ್ಲಿ ಹಾಗೆಲ್ಲ ಕೇಳಿದ ತಕ್ಷಣ ಗ್ಲೂಕೋಸ್ ಹಾಕಲ್ಲ."

"ಹಾಕಬಾರ್ದು ಅಂತ ಹೇಳ್ರೀ ಅಮ್ಮಾರಿಗೆ" ಎಂದು ಬೆನ್ನ ಹಿಂದಿನಿಂದ ಒಂದು ದನಿ ಬಂತು.

ತಿರುಗಿ ನೋಡಿದರೆ ನೀಲಿ ಬಟ್ಟೆಯಲ್ಲಿ, ಕುತ್ತಿಗೆಗೆ ಸ್ಟೆತಸ್ಕೋಪ್ ಹಾಕಿಕೊಂಡ, ನಿದ್ದೆಯಿಲ್ಲದ ಕಣ್ಣುಗಳ ಒಬ್ಬ ಡಾಕ್ಟರು. ಹೆಸರು ಶರಣಪ್ಪ, ಗದಗಿನ ಕಡೆಯವರು. ಡಬ್ಲಿನ್‌ನ ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಕನ್ನಡ ಕೇಳಿ ಫೋನ್ ಕಿವಿಗಿಟ್ಟುಕೊಂಡೇ ಗೋಡೆಗೆ ಒರಗಿದೆ.

"ಫಿಟ್ಸ್ ನಿಂತಾವು, ಅಂಜಬ್ಯಾಡ್ರೀ" ಎಂದರು. "ಅವರ ಮೈಯಾಗ ನೀರ ಹೆಚ್ಚಾಗೇತಿ, ಉಪ್ಪ ಭಾಳ ಕಡಿಮಿ ಆಗೇತಿ. ಮಾತ್ರಿ ಉಪ್ಪ ಹೊರಗ ಹಾಕ್ತು, ಇವರು ಮ್ಯಾಲಿಂದ ನೀರ ಕುಡದ್ರು. ಆ ನೀರ ಮೆದುಳಿಗೆ ಹೊಕ್ಕು ಉಬ್ಬೇತಿ. ಈಗ ಗ್ಲೂಕೋಸ್ ಹಾಕಿದ್ರ, ಸಕ್ಕರಿ ಮೈಯಾಗ ಕರಗಿ ಹೋಗಿ ಬರೇ ನೀರ ಉಳೀತೈತಿ. ಮೆದುಳು ಇನ್ನೂ ಉಬ್ಬತೈತಿ. ಜೀವಕ್ಕ ಬರ್ತೈತ್ರೀ."

ನಾನು ಹುಟ್ಟಿದಾಗಿನಿಂದ ನೋಡಿದ ಗ್ಲೂಕೋಸ್ ಬಾಟ್ಲಿ ಅದು. ಅಜ್ಜನಿಗೆ ಹಾಕಿಸಿದ್ದು, ಪರೀಕ್ಷೆಯ ಮುಂಚೆ ಜ್ವರ ಬಂದಾಗ ನನಗೂ ಹಾಕಿಸಿದ್ದು. ಅದು ಕೊಲ್ಲಬಹುದು ಎಂದು ಯಾರಾದರೂ ಹೇಳಿದ್ದು ಅದೇ ಮೊದಲು.

ಅವರು ಕೊಟ್ಟಿದ್ದು ಗಟ್ಟಿ ಉಪ್ಪುನೀರು, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಚೀಲದಲ್ಲಿ. ಅದನ್ನೂ ಸುರಿಯದೆ ಸ್ವಲ್ಪ ಕೊಟ್ಟು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದ ಮೇಲೆ ಮತ್ತೆ ಸ್ವಲ್ಪ. ಅದು ಹೋದ ದಾರಿಯುದ್ದಕ್ಕೂ ನೋರಾ ಅವರ ತೆಳ್ಳಗಿನ ಮುಂಗೈ ಮೇಲೆ ಬರೆ ಎಳೆದಂತೆ ಕೆಂಪಾಯಿತು. ನರ್ಸ್ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ನರ್ಸಿನ ಹೆಸರು ಶಿವಾನ್. ಕೇಳಿದಾಗ ನಮ್ಮ ಕಡೆಯ ಹೆಸರೇ ಅನ್ನಿಸಿತ್ತು, ಆದರೆ ಅಪ್ಪಟ ಐರಿಷ್ ಹುಡುಗಿ. ಉಪ್ಪಿನ ಜೊತೆ ದ್ರವವೂ ಒಳಗೆ ಹೋಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬದಂತೆ ನೋಡಬೇಕು ಎನ್ನುತ್ತಾ ಅವರ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿಸಿಕೊಳ್ಳುತ್ತಿದ್ದಳು.

ನೋರಾ ಅರೆನಿದ್ದೆಯಲ್ಲಿ ಮತ್ತೆ, "ಇಷ್ಕ" ಎಂದರು.

"ಅದೇನು ಹೇಳ್ತಿದಾರೆ? ಬೆಳಗಿನಿಂದ ಅದನ್ನೇ ಕೇಳ್ತಿದಾರೆ" ಎಂದೆ.

ಶಿವಾನ್ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. "ಐರಿಷ್‌ನಲ್ಲಿ ಮಾತಾಡ್ತಿದಾರೆ. ನನ್ನ ಅಜ್ಜಿಯ ಐರಿಷ್, ಪಶ್ಚಿಮ ಕರಾವಳಿಯದ್ದು" ಎಂದು ಮೆಲ್ಲಗೆ ಹೇಳಿದಳು. "ಇಷ್ಕ ಅಂದ್ರೆ ನೀರು. ಅಮ್ಮನನ್ನ ನೀರು ಕೇಳ್ತಿದಾರೆ."

ಅವರಿಗೆ ಕೊಡಬಾರದಿದ್ದದ್ದು ಅದೊಂದೇ. ಸ್ಪಂಜಿನಿಂದ ತುಟಿ ಒದ್ದೆ ಮಾಡುವುದಷ್ಟೇ ನನ್ನ ಕೆಲಸವಾಯಿತು. ವರ್ಷಗಟ್ಟಲೆ ಇಂಗ್ಲಿಷಿನಲ್ಲೇ ಬದುಕಿದ ಆ ಹೆಂಗಸಿನ ಒಳಗೆ ಒಂದು ಪೂರ್ತಿ ಭಾಷೆ ಹಾಗೇ ಕಾಪಾಡಿಕೊಂಡು ಕೂತಿತ್ತು. ಉಪ್ಪು ಇಳಿದಾಗ ಮೇಲಿನ ಪದರ ಮುಳುಗಿ ತಳದಲ್ಲಿದ್ದದ್ದು ಎದ್ದು ಬಂದಿತ್ತು. ಇಷ್ಟು ನಾಜೂಕಾದ ಲೆಕ್ಕದ ಮೇಲೆ ನಾವೆಲ್ಲ ನಾವಾಗಿ ಓಡಾಡುತ್ತಿದ್ದೇವೆಯೇ ಎಂದು ನಾನು ಬೆರಗಾಗಿ ಕೂತಿದ್ದೆ.

ಮರುದಿನ ಮಧ್ಯಾಹ್ನ ಹೋದಾಗ ನೋರಾ ದಿಂಬಿಗೆ ಒರಗಿ ಕೂತಿದ್ದರು. ಕೂದಲು ಬಾಚಿಕೊಂಡಿದ್ದರು. "ರೂಪಾ, ಇವರು ಕೊಟ್ಟ ಗುಟುಕು ನೋಡಿದ್ಯಾ? ಇದು ಟೀ ಅಲ್ಲ, ಟೀ ಇತ್ತು ಅನ್ನೋ ಸುದ್ದಿ" ಎಂದರು. ಅಪ್ಪಟ ನೋರಾ. ನಾನು ಅವರ ಭುಜಕ್ಕೆ ಮುಖ ಒತ್ತಿ ಅತ್ತುಬಿಟ್ಟೆ. ಅವರಿಗೆ ಹಿಂದಿನ ದಿನದ ಒಂದೂ ನೆನಪಿರಲಿಲ್ಲ. ಕಾರ್ಕ್‌ಗೆ ಫೋನ್ ಮಾಡಿ ಅವರ ಕೈಗೇ ಕೊಟ್ಟೆ. ಆ ಕಡೆ ತಮ್ಮನ ಮಗಳು ಅಳುವುದು, ಇವರು, "ಅಯ್ಯೋ, ನಾನು ಗ್ರ್ಯಾಂಡ್ ಆಗಿದೀನಿ" ಎನ್ನುವುದು.

ಶಿವಾನ್ ಬಂದಳು. ನಮ್ಮ ಸಂಭ್ರಮದ ಕಡೆ ನೋಡದೆ ಮಂಚದ ಕೆಳಗೆ ತೂಗುಹಾಕಿದ್ದ ಮೂತ್ರದ ಚೀಲವನ್ನು ನೋಡಿದಳು. ಅದು ತುಂಬಿ ಬಿರಿಯುವಂತಿತ್ತು, ನಲ್ಲಿಯ ನೀರಿನಷ್ಟು ತಿಳಿಯಾಗಿತ್ತು. ಅವಳ ಮುಖ ಬದಲಾಯಿತು. ಬೇಗ ಬೇಗ ಹೆಜ್ಜೆ ಹಾಕಿ ಹೊರಟುಹೋದಳು. ಹಿಂದೆಯೇ ಡಾಕ್ಟರು ಬಂದು ರಕ್ತ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕಾರಿಡಾರಿಗೆ ಕರೆದರು.

"ಭಾಳ ಲಗೂ ಹುಷಾರಾಗ್ಯಾರ್ರೀ" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಅದ ಚಿಂತಿ. ಮಾತ್ರಿ ನಿಲ್ಲಿಸಿದ್ವಿ, ವಾಂತಿನೂ ನಿಂತ್ವು. ಈಗ ಮೈ ತಾನ ನೀರ ಹೊರಗ ದಬ್ಬಾಕತ್ತೈತಿ. ಉಪ್ಪು ಮ್ಯಾಲ ಏರಾಕತ್ತೈತಿ, ನಾವು ಅಂದುಕೊಂಡಿದ್ದಕ್ಕಿಂತ ಭಾಳ ಜೋರು. ಎಷ್ಟೋ ದಿನದಿಂದ ಮೆದುಳು ಆ ಕಡಿಮಿ ಉಪ್ಪಿಗೆ ಹೊಂದಿಕೊಂಡಿರ್ತೈತ್ರೀ. ಒಮ್ಮಿಂದೊಮ್ಮೆಲೆ ಉಪ್ಪು ಏರಿದ್ರ ಅದರೊಳಗಿನ ನೀರ ಹೊರಗ ಎಳಕೊಂಡು ಬಿಡತೈತಿ. ನರಗಳ ಮ್ಯಾಲಿನ ಪೊರಿ ಕೆಡತೈತಿ."

"ಆದ್ರೆ ಅವರು ಚೆನ್ನಾಗೇ ಇದಾರಲ್ಲ ಡಾಕ್ಟ್ರೇ. ಈಗ ತಾನೇ ಮಾತಾಡಿದ್ರು."

"ಇವತ್ತ ಗೊತ್ತಾಗೂದಿಲ್ರೀ. ಇನ್ನೂ ಕೆಲವು ದಿವಸ ಬಿಟ್ಟು ಗೊತ್ತಾಗೂದು."

ಆಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿ ಒಂದು ಘಟನೆ ಹೇಳಿದರು. ಓದುವಾಗ, ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಅವರು ಕಂಡದ್ದು. ಇದೇ ತರಹ ಬಂದಿದ್ದ ಒಬ್ಬ ಗಂಡಸು. ಎರಡನೆಯ ದಿನ ಎದ್ದು ಕೂತು ನಕ್ಕಿದ್ದ, ಮನೆಯವರು ವಾರ್ಡಿಗೆಲ್ಲ ಸಿಹಿ ಹಂಚಿದ್ದರು. ವಾರದೊಳಗೆ ಅವನ ಮಾತು ಎಳೆಯಿತು, ನುಂಗಲು ಬರದಾಯಿತು, ಕೈಕಾಲು ನಿಂತವು. ಕೊನೆಗೆ ಕಣ್ಣುಗಳು ಮಾತ್ರ ಅವನ ಮಾತು ಕೇಳುತ್ತಿದ್ದವು.

"ಈಗೇನು ಮಾಡ್ತೀರಿ?" ಎಂದು ಕೇಳಿದೆ.

"ಮೂತ್ರ ಕಟ್ಟೂ ಇಂಜೆಕ್ಷನ್ ಕೊಡ್ತೀವಿ. ಗ್ಲೂಕೋಸ್ ಹಚ್ತೀವಿ."

ನನಗೆ ಕೋಪವೇ ಬಂತು. "ನಿನ್ನೆ ಅದೇ ಹಾಕಿದ್ರೆ ಜೀವಕ್ಕೆ ಬರುತ್ತೆ ಅಂದ್ರಿ! ಈಗ ತಾನೇ ಹುಷಾರಾದವರನ್ನ ಮತ್ತೆ ಕೆಡಿಸ್ತೀರಾ?"

"ಹೌದ್ರೀ" ಎಂದರು ಶರಣಪ್ಪ, ದನಿ ಏರಿಸದೆ. "ಸ್ವಲ್ಪ ಕೆಡಸ್ತೀವಿ."

ನೋರಾಗೆ ಅವರೇ ಹೇಳಿದರು, ಇಂಗ್ಲಿಷಿನಲ್ಲಿ, ಮಂಚದ ಅಂಚಿನಲ್ಲಿ ಕೂತು, ಅಡಗಿಸದೆ. ಮೇಷ್ಟ್ರು ಮಗ್ಗಿ ಒಪ್ಪಿಸಿಕೊಳ್ಳುವಂತೆ ನೋರಾ ಪೂರ್ತಿ ಕೇಳಿಸಿಕೊಂಡರು. "ಹಾಗಾದ್ರೆ ನಾನು ತಪ್ಪು ವೇಗದಲ್ಲಿ ಸರಿಯಾದ ದಿಕ್ಕಿಗೆ ಹೋಗ್ತಿದೀನಿ" ಎಂದರು. "ಸರಿ, ಹಿಂದಕ್ಕೆ ಕರ್ಕೊಂಡು ಹೋಗು. ಆದ್ರೆ ಪೂರ್ತಿ ಬಿಟ್ಟುಬಿಡಬೇಡ." ಮಾತು ತಮಾಷೆಯದ್ದು. ಅವರ ಕೈ ಮಾತ್ರ ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಿತ್ತು.

ನೀರಿನಂಥ ಆ ಚೀಲ ಏರಿತು. ಸಂಜೆಯ ಹೊತ್ತಿಗೆ ನೋರಾ ಮಂಕಾದರು. ತಲೆ ಭಾರ ಎಂದರು. ಕಿಟಕಿಯಾಚೆಯ ಹಕ್ಕಿಯನ್ನು ತೋರಿಸಿ ಅದರ ಹೆಸರು ಹುಡುಕಿದರು, ಸಿಗಲಿಲ್ಲ, ಕಣ್ಣು ಮುಚ್ಚಿದರು. ಒಬ್ಬರು ಕಣ್ಣೆದುರೇ ದೂರ ಸರಿಯುತ್ತಿರುವುದನ್ನು ನೋಡುವುದು ಕಷ್ಟ. ಅದು ಬೇಕೆಂದೇ, ಅವರ ಒಳ್ಳೆಯದಕ್ಕೇ ಎಂದು ತಿಳಿದು ನೋಡುವುದು ಇನ್ನೂ ಕಷ್ಟ. ಒಂದೇ ಚೀಲ. ನಿನ್ನೆ ವಿಷ, ಇವತ್ತು ಮದ್ದು. ನಡುವೆ ಬದಲಾದದ್ದು ಅದರೊಳಗಿನ ದ್ರವವಲ್ಲ, ಅದನ್ನು ತೆಗೆದುಕೊಳ್ಳುವ ದೇಹ.

ಅಲ್ಲಿಂದ ಮುಂದೆ ಎಲ್ಲವೂ ನಿಧಾನವಾಯಿತು. ಉಪ್ಪನ್ನು ದಿನಕ್ಕೆ ಇಷ್ಟೇ ಎಂದು ಮೇಲೆ ಹತ್ತಿಸಿದರು. ನಾನು ಕಚೇರಿ ಮುಗಿಸಿ ಬಂದು ಕೂರುತ್ತಿದ್ದೆ. ಒಂದು ಸಲ ಶರಣಪ್ಪ ಅವರನ್ನು, "ದಿನಕ್ಕೆ ಎಷ್ಟು ಏರಿಸ್ತೀರಿ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಮೈಗೆಲ್ಲ ಕೂಡಿ ಲೆಕ್ಕಾ ಹಾಕಿದ್ರ, ಒಂದೆರಡು ಟೀ ಚಮಚೆ ಉಪ್ಪಿನ ಮಾತ್ರೀ" ಎಂದರು. ಆ ದಿನ ಮನೆಗೆ ಬಂದು ಒಂದು ಚಮಚ ಉಪ್ಪನ್ನು ತಟ್ಟೆಗೆ ಸುರಿದು ಬಹಳ ಹೊತ್ತು ನೋಡಿದೆ. ಸಾರಿಗೆ ನಾನು ಕಣ್ಣಳತೆಯಲ್ಲಿ ಹಾಕುವಷ್ಟು.

ದಿನವೂ ಬೆಳಗ್ಗೆ ಪರೀಕ್ಷೆ. ನಾಲಿಗೆ ಚಾಚಿ. ಈ ಚಮಚ ನೀರು ನುಂಗಿ. ಕೈ ಎತ್ತಿ ಹಿಡಿಯಿರಿ. ಮೂಗು ಮುಟ್ಟಿ. ನಾನು ಹೇಳಿದ್ದನ್ನು ಹೇಳಿ. ನೋರಾಗೆ ಬೇಸರ ಬಂದು, "ಈಗ ನಿನ್ನ ಸರದಿ. ಬೊಲಿವಿಯಾದ ಗಡಿ ದೇಶಗಳನ್ನ ಹೇಳು" ಎಂದು ಶರಣಪ್ಪ ಅವರನ್ನೇ ನಿಲ್ಲಿಸಿದರು. ಅವರು ಎರಡು ಹೇಳಿ ತಡವರಿಸಿದರು. "ಈ ಹುಡುಗನ ತಲೆಗೂ ಒಂದು ಡ್ರಿಪ್ ಹಾಕಿ" ಎಂದು ನೋರಾ ಶಿವಾನ್‌ಗೆ ಹೇಳಿದರು.

ಆಮೇಲೆ ಒಂದು ಭಾನುವಾರ ಬೆಳಗ್ಗೆ ನಾನು ಒಳಗೆ ಹೋದಾಗ ನೋರಾ ಏನೋ ಹೇಳಿದರು, ಮಾತು ಎಳೆಯಿತು. ಶಬ್ದಗಳು ಬಾಯಿಯ ಅಂಚಿನಲ್ಲಿ ಜಾರಿಹೋಗುತ್ತಿದ್ದವು. ಡಾಕ್ಟರು ಹೇಳಿದ್ದ ಆ ಗಂಡಸಿನ ಕಣ್ಣುಗಳೇ ಎದುರು ಬಂದವು. ಓಡಿದೆ. ಶರಣಪ್ಪ ತಿಂಡಿಯ ಡಬ್ಬಿ ಅರ್ಧಕ್ಕೆ ಬಿಟ್ಟು ಓಡಿಬಂದರು, ಶಿವಾನ್ ಓಡಿಬಂದಳು. ಡಾಕ್ಟರು ಬಗ್ಗಿ, "ನಿಮ್ಮ ಹೆಸರು ಹೇಳಿ" ಎಂದರೆ, ನೋರಾ ಸಿಟ್ಟಿನಿಂದ ಮೇಜಿನ ಕಡೆ ಕೈ ತೋರಿಸಿದರು. ಅಲ್ಲಿ ಲೋಟದಲ್ಲಿ ಅವರ ಹಲ್ಲಿನ ಸೆಟ್ಟು ಮುಳುಗಿತ್ತು. ತೊಳೆಯಲು ಹಾಕಿದವರು ಕೈಗೆಟುಕದ ಕಡೆ ಇಟ್ಟು ಹೋಗಿದ್ದರು.

ಶರಣಪ್ಪ ಅಲ್ಲೇ ಕುರ್ಚಿಗೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಭುಜ ಅಲುಗುತ್ತಿದ್ದದ್ದು ನಗುವಿನಿಂದ ಮಾತ್ರವೇ ಎಂದು ನನಗೆ ಅನುಮಾನ.

ತಿಂಗಳು ಮುಗಿಯುವ ಮುಂಚೆ ನೋರಾ ಮನೆಗೆ ಬಂದರು. ದಿನಕ್ಕೆ ಇಷ್ಟೇ ಎಂದು ಟೀ, ನೀರು ಎಲ್ಲಕ್ಕೂ ಅಳತೆ. ತಟ್ಟೆಯಲ್ಲಿ ಮೊಟ್ಟೆ, ಮೀನು, ನನ್ನ ಸಾರು. ಈಗ ಬಟ್ಟಲು ಸರಿಸುತ್ತಿರಲಿಲ್ಲ. ಕಾಲು ಇನ್ನೂ ಗಟ್ಟಿಯಾಗಿರಲಿಲ್ಲ. ಪೂರ್ತಿ ನಿಶ್ಚಿಂತೆ ಎನ್ನಲು ಇನ್ನೂ ಸ್ವಲ್ಪ ಸಮಯ ಬೇಕು, ಫೆಬ್ರವರಿಯ ಮೊದಲ ವಾರ ಕ್ಲಿನಿಕ್ಕಿಗೆ ಕರೆತನ್ನಿ ಎಂದು ಶರಣಪ್ಪ ಹೇಳಿದ್ದರು.

ಆ ಬೆಳಗ್ಗೆ ಗಾಳಿ ನಿಂತು ಆಕಾಶ ತೊಳೆದಿಟ್ಟಂತಿತ್ತು. ಟ್ಯಾಕ್ಸಿಯಲ್ಲಿ ನೋರಾ ತೊಡೆಯ ಮೇಲೆ ಕಾಗದದಲ್ಲಿ ಸುತ್ತಿದ ಏನನ್ನೋ ಇಟ್ಟುಕೊಂಡಿದ್ದರು. ಕ್ಲಿನಿಕ್ಕಿನಲ್ಲಿ ಅದನ್ನು ಡಾಕ್ಟರ ಮುಂದಿಟ್ಟರು. ಬಿಚ್ಚಿದರೆ ಹಸಿ ಜೊಂಡಿನಲ್ಲಿ ಹೆಣೆದ ಒಂದು ಶಿಲುಬೆ. ಈ ದೇಶದಲ್ಲಿ ಸಂತ ಬ್ರಿಜಿಡ್‌ಳ ಹಬ್ಬಕ್ಕೆ, ವಸಂತ ಶುರುವಾಗುವ ದಿನಕ್ಕೆ, ಹಾಗೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ನಡುವೆ ಚೌಕದ ಹೆಣಿಗೆ, ನಾಲ್ಕು ದಿಕ್ಕಿಗೆ ನಾಲ್ಕು ತೋಳು, ಪ್ರತಿ ತುದಿಯಲ್ಲೂ ಸಣ್ಣ ಗಂಟು.

"ನಿನ್ನ ದೇವರು ಬೇರೆ ಅಂತ ಗೊತ್ತು. ಬಾಗಿಲ ಮೇಲೆ ಹಾಕೋಕೆ ಯಾವ ದೇವರೂ ಬೇಡ ಅನ್ನಲ್ಲ" ಎಂದರು ನೋರಾ.

ಶರಣಪ್ಪ ಮುಂದಕ್ಕೆ ಬಗ್ಗಿದರು. ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. ಒಂದೊಂದು ಮಡಿಕೆಯನ್ನೂ, ಒಂದೊಂದು ಗಂಟನ್ನೂ ಉಗುರಿನಿಂದ ಮುಟ್ಟಿ ನೋಡಿದರು. ಯಾವುದೂ ಸಡಿಲವಾಗಿರಲಿಲ್ಲ, ಯಾವುದೂ ಜಾರಿರಲಿಲ್ಲ.

"ಇದನ್ನ ನೀವೇ ಕಟ್ಟಿದ್ರಾ?" ಎಂದು ಕೇಳಿದರು. "ಯಾರೂ ಸಹಾಯ ಮಾಡ್ಲಿಲ್ವಾ? ಈ ಗಂಟುಗಳನ್ನೂ ನೀವೇ ಹಾಕಿದ್ರಾ?"

"ಮತ್ತೆ ಇನ್ಯಾರು ಹಾಕ್ತಾರೆ? ರೂಪಾಗೆ ಹೇಳಿಕೊಟ್ಟೆ, ಅವಳದ್ದು ಹಕ್ಕಿಗೂಡಿನ ಹಾಗಾಯ್ತು."

ಶರಣಪ್ಪ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. ಕನ್ನಡದಲ್ಲಿ, ಬಹಳ ಮೆಲ್ಲಗೆ, "ಎಲ್ಲಾ ನರಾನೂ ಉಳದಾವ್ರೀ" ಎಂದರು.

ನೋರಾ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಕೈ ಚಾಚಿ, ನಾಲಿಗೆ ಹೊರಗೆ ಹಾಕಿ, ಪರೀಕ್ಷೆಗೆ ತಯಾರಾಗಿ ಕಾಯುತ್ತಿದ್ದರು. ಆ ದಿನ ಶರಣಪ್ಪ ಮತ್ತೇನನ್ನೂ ಪರೀಕ್ಷಿಸಲಿಲ್ಲ.